ಎರಡು ನಾಡಿನ ಒಂದು ಹೊಳೆ

(ವಿದ್ಯಾರ್ಥಿಗಳಿಗೂ ಅವರ ತಾಯ್ತಂದೆಗಳಿಗೂ ಒಂದು ಪಾಠ)

ನಮ್ಮ ಹಳ್ಳಿಗಳಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವುದಕ್ಕಾಗಿ ನೀರಗಂಟಿ ಎಂಬಾತನೊಬ್ಬನಿರುತ್ತಿದ್ದನು. ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಬೇಕು, ಮಳೆ ಕೈಕೊಟ್ಟ ವರ್ಷ ಯಾವ ಬಯಲಿಗೆ ಬೆಳೆಯಿಡಬಾರದು ಎಂಬುದೆಲ್ಲವೂ ಅವನಿಗೆ ತಿಳಿದಿರುತ್ತಿದ್ದಿತು. ತಮಿಳು ಸೀಮೆಯಲ್ಲಿ ಇಂತಹವನನ್ನೇ ನೀರ್ಕಟ್ಟಿ ಎನ್ನುವರು. ತೂಬಿನ ಬಾಯಲ್ಲಿರುವ ಗದ್ದೆಯವನೂ ಕಾಲುವೆಯ ಕೊನೆಯಲ್ಲಿರುವ ಗದ್ದೆಯವನೂ ಅವನ ಮಾತಿಗೆ ತಲೆಬಾಗುತ್ತಿದ್ದರು. ಏಕೆಂದರೆ ಅವನು ಇಬ್ಬರ ಎದುರಿನಲ್ಲಿಯೂ ಒಂದೇ ಅಳತೆಯಿಂದ ನೀರನ್ನು ಅಳೆಯುತ್ತಿದ್ದನು.

ಆದರೆ ಕೆರೆಯು ಒಂದು ಊರಿನದು. ಹೊಳೆಯು ಅನೇಕ ಊರುಗಳದು. ಎರಡು ರಾಜ್ಯಗಳನ್ನೋ ಎರಡು ದೇಶಗಳನ್ನೋ ದಾಟಿ ಹರಿಯುವ ಹೊಳೆಗೆ ನೀರಗಂಟಿ ಯಾರು? ಒಂದಕ್ಕಿಂತ ಹೆಚ್ಚು ದೇಶಗಳಿಗೆ ಸೇರಿದ ನದೀ ಜಲಾನಯನಗಳು ಜಗತ್ತಿನಲ್ಲಿ ಮುನ್ನೂರಕ್ಕೂ ಹೆಚ್ಚಾಗಿವೆ. ಆದುದರಿಂದ ಈ ಪ್ರಶ್ನೆ ಸಣ್ಣದಲ್ಲ. ಇದಕ್ಕೆ ಉತ್ತರವನ್ನು ಹುಡುಕಲು ನಾವು ಮೊದಲು ದೂರದೇಶಗಳಿಗೆ ಹೋಗಬೇಕಾದುದಿಲ್ಲ. ಕನ್ನಡವನ್ನಾಡುವ ಮನೆಗಳಿರುವ ಒಂದು ಚಿಕ್ಕ ಊರಿಗೆ ಹೋಗಿ ಬರೋಣ.

ಓಡೈಪಟ್ಟಿ

ತಮಿಳುನಾಡಿನ ತೇನಿ ಜಿಲ್ಲೆಯ ಉತ್ತಮಪಾಳೆಯಂ ತಾಲ್ಲೂಕಿನಲ್ಲಿ ಓಡೈಪಟ್ಟಿ ಎಂಬ ಊರಿದೆ. ತಮಿಳಿನಲ್ಲಿ ಓಡೈ ಎಂದರೆ ತೊರೆ ಅಥವಾ ಹಳ್ಳ. ಊರಿನ ಹೆಸರಿನಲ್ಲಿಯೇ ನೀರಿದೆ. ಈ ಊರು ಸೇರಿರುವ ಸೀಮೆಗೆ ಕಂಬಂ ಕಣಿವೆ ಎಂದು ಹೆಸರು. ಅನೇಕ ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆಸಿದವರೆಂದು ಹೇಳಿಕೊಳ್ಳುವ ಒಕ್ಕಲಿಗ ಮನೆತನಗಳು ಈ ಕಣಿವೆಯಲ್ಲಿವೆ. ಅವರಿಗೆ ಸಂತೆಯ ಮಾತು, ಶಾಲೆಯ ಮಾತು ತಮಿಳು. ಮನೆಯೊಳಗಿನ ಮಾತು ಕನ್ನಡ. ಉಳುಮೆಯೇ ಅವರ ಮುಖ್ಯ ಜೀವನ. ಕಂಬಂ ಕಣಿವೆಯು ದ್ರಾಕ್ಷಿಗೆ ಪ್ರಸಿದ್ಧವಾದುದು. ಇಲ್ಲಿಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರಕಿತು. ಓಡೈಪಟ್ಟಿಯ ಹೆಸರು ಬೀಜವಿಲ್ಲದ ದ್ರಾಕ್ಷಿಯೊಡನೆ ಸೇರಿಕೊಂಡಿದೆ.

ಈ ಕಣಿವೆಯ ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು ಗೋಡೆಯಂತೆ ನಿಂತಿದೆ. ನೈರುತ್ಯದ ಮುಂಗಾರು ಮೋಡಗಳು ಅರಬ್ಬೀ ಸಮುದ್ರದ ಕಡೆಯಿಂದ ಬಂದು ಬೆಟ್ಟದ ಆ ಮಗ್ಗುಲಲ್ಲಿ, ಎಂದರೆ ಕೇರಳದಲ್ಲಿ, ತಮ್ಮ ಭಾರವನ್ನೆಲ್ಲ ಇಳಿಸುತ್ತವೆ. ಈ ಮಗ್ಗುಲಿಗೆ ಬರುವ ಹೊತ್ತಿಗೆ ಅವುಗಳಲ್ಲಿ ಉಳಿಯುವ ನೀರು ಅಲ್ಪ. ಇಂತಹ ಪ್ರದೇಶವನ್ನು ಭೂಗೋಳದಲ್ಲಿ ಮಳೆಯ ನೆರಳು ಎನ್ನುತ್ತೇವೆ. ಒಂದೇ ಬೆಟ್ಟ, ಅತ್ತ ಹಸುರು ಕಾಡು, ಇತ್ತ ಒಣ ನೆಲ. ಈ ಒಣ ನೆಲದಲ್ಲಿ ದ್ರಾಕ್ಷಿಯ ಚಪ್ಪರಗಳು ಹೇಗೆ ಬಂದವು? ಗದ್ದೆಗಳಲ್ಲಿ ಎರಡು ಬೆಳೆ ಹೇಗೆ ಬರುತ್ತಿದೆ?

ಪಶ್ಚಿಮದ ನದಿ ಪೂರ್ವಕ್ಕೆ ತಿರುಗಿದ ಬಗೆ

ಕೇರಳದ ಅತ್ಯಂತ ಉದ್ದವಾದ ನದಿ ಪೆರಿಯಾರ್. ಸಹಜವಾಗಿ ಅದು ಪಶ್ಚಿಮಕ್ಕೆ ಹರಿದು ಸಮುದ್ರವನ್ನು ಸೇರುವುದು. ಬೆಟ್ಟದ ಮೇಲೆ ಮುಲ್ಲಯಾರ್ ಎಂಬ ಹೊಳೆ ಅದನ್ನು ಕೂಡುತ್ತದೆ. ಈ ಎರಡು ಹೆಸರುಗಳ ಕೂಡಿಕೆಯೇ ಮುಲ್ಲಪೆರಿಯಾರ್. ಬೆಟ್ಟದ ನೆತ್ತಿಯಲ್ಲಿ ಈ ನದಿಗೆ ಅಡ್ಡಗಟ್ಟಿ ಅದರ ನೀರನ್ನು ಪೂರ್ವಕ್ಕೆ, ಬರಗಾಲದ ಮಧುರೆ ಸೀಮೆಗೆ ತಿರುಗಿಸಬಹುದೆಂಬ ಆಲೋಚನೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ರಾಮನಾಡಿನ ಪ್ರಧಾನಿಯಾಗಿದ್ದ ಮುತ್ತಿರುಳಪ್ಪ ಪಿಳ್ಳೆಯವರಿಗೆ ಹೊಳೆದಿದ್ದಿತು. ಆದರೆ ಹಣವಿರಲಿಲ್ಲ. ಮುಂದೆ 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ದಕ್ಷಿಣ ಭಾರತದ ಲಕ್ಷಾಂತರ ಜನರು ಹಸಿವಿನಿಂದ ಸತ್ತ ಬಳಿಕ ಮದರಾಸು ಸರಕಾರವು ಈ ಕೆಲಸಕ್ಕೆ ಕೈಹಾಕಿತು.

1887ರಲ್ಲಿ ಆರಂಭವಾದ ಅಣೆಕಟ್ಟಿನ ಕೆಲಸವು 1895ರಲ್ಲಿ ಮುಗಿಯಿತು. ಕರ್ನಲ್ ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರು ಅದರ ನಾಯಕರು. ದಟ್ಟವಾದ ಕಾಡು, ಕಾಡಾನೆಗಳು, ಮಲೇರಿಯಾ ಜ್ವರ, ಹಠಾತ್ತನೆ ಏರುವ ಪ್ರವಾಹ ಇವುಗಳ ನಡುವೆ ಕೂಲಿಕಾರರು ದುಡಿದರು. ಅನೇಕರು ಅಲ್ಲಿಯೇ ಪ್ರಾಣಬಿಟ್ಟರು. ಸುಣ್ಣ ಮತ್ತು ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟಿದ ಈ ಕಟ್ಟೆಯು ತಳಪಾಯದಿಂದ 176 ಅಡಿ ಎತ್ತರವಾಗಿದೆ. ನೀರು ತುಂಬುವ ಪೂರ್ಣಮಟ್ಟವು ಮೊದಲಿಗೆ 152 ಅಡಿಗಳೆಂದು ನಿಗದಿಯಾಗಿದ್ದಿತು. ಕಟ್ಟೆಯ ಹಿಂದೆ ನಿಂತ ನೀರನ್ನು ಒಂದು ಮೈಲಿಗೂ ಮೀರಿದ ಉದ್ದದ ಸುರಂಗದ ಮೂಲಕ ಬೆಟ್ಟದ ಈಚೆಗೆ ತಂದರು. ಆ ನೀರು ವೈರವನಾರ್ ಎಂಬ ತೊರೆಗೆ ಬಿದ್ದು, ಸುರುಳಿಯಾರನ್ನು ಸೇರಿ, ಕಂಬಂ ಕಣಿವೆಯನ್ನು ಹಾಯ್ದು ವೈಗೈ ನದಿಗೆ ಹೋಗುತ್ತದೆ. ಅಲ್ಲಿಂದ ಮುಂದೆ 1959ರಲ್ಲಿ ಮುಗಿದ ವೈಗೈ ಅಣೆಕಟ್ಟನ್ನು ದಾಟಿ ಮಧುರೆಯ ಬಯಲುಗಳಿಗೆ ಹರಿಯುತ್ತದೆ. ಕಂಬಂ ಕಣಿವೆಯೊಂದರಲ್ಲಿಯೇ 14,707 ಎಕರೆ ಎರಡು ಬೆಳೆಯ ಗದ್ದೆಗೆ ಈ ನೀರೇ ಆಧಾರ. ತೇನಿ, ದಿಂಡಿಗಲ್, ಮಧುರೆ, ಶಿವಗಂಗೆ, ರಾಮನಾಥಪುರ ಈ ಐದು ಜಿಲ್ಲೆಗಳು ಇದನ್ನು ಅವಲಂಬಿಸಿವೆ.

ಎಲ್ಲ ಹೊಲಗಳಿಗೂ ನಾಲೆಯ ನೀರು ನೇರವಾಗಿ ಬರುತ್ತದೆಂದು ತಿಳಿಯಬಾರದು. ಕಣಿವೆಯ ತೋಟಗಳಲ್ಲಿ ಬಾವಿ, ಕೊಳವೆಬಾವಿಗಳ ಆಸರೆ ದೊಡ್ಡದು. ಆದರೂ ಹೊಳೆ ಹರಿದರೆ, ಕೆರೆ ತುಂಬಿದರೆ ಬಾವಿಗಳ ಒರತೆಯೂ ಏರುತ್ತದೆ. ಹೊಳೆ ಒಣಗಿದರೆ ಬಾವಿಯೂ ಆಳಕ್ಕಿಳಿಯುತ್ತದೆ. ಪೆನ್ನಿಕ್ವಿಕ್ ಅವರ ಜನ್ಮದಿನವಾದ ಜನವರಿ 15ರಂದು ಕಣಿವೆಯ ಜನ ಪೊಂಗಲ್ ಮಾಡಿ ಅವರನ್ನು ನೆನೆಯುತ್ತಾರೆ. ಲೋವರ್ ಕ್ಯಾಂಪಿನಲ್ಲಿ 2013ರಲ್ಲಿ ಅವರ ಸ್ಮಾರಕವೂ ಎದ್ದಿತು. ನೂರು ವರ್ಷಗಳಾದ ಮೇಲೂ ಒಬ್ಬ ಪರದೇಶದ ಎಂಜಿನಿಯರನ್ನು ರೈತರು ಮನೆಯ ಹಿರಿಯನಂತೆ ನೆನೆಯುವರೆಂದರೆ, ಆ ನೀರು ಅವರಿಗೆ ಏನೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಕಾಗದವೂ ಅದರ ಮಾತುಗಳೂ

ಈಗ ಒಂದು ವಿಶೇಷವನ್ನು ಗಮನಿಸಿರಿ. ಅಣೆಕಟ್ಟು ನಿಂತಿರುವ ನೆಲ ಕೇರಳದ್ದು, ಆಗಿನ ತಿರುವಾಂಕೂರು ಸಂಸ್ಥಾನದ್ದು. ಅದನ್ನು ಕಟ್ಟಿ ನಡೆಸುವ ಕೈ ತಮಿಳುನಾಡಿನದು, ಆಗಿನ ಮದರಾಸಿನದು. ತಿರುವಾಂಕೂರಿಗೆ ತನ್ನದೇ ಮಹಾರಾಜರೂ ತನ್ನದೇ ಆಡಳಿತವೂ ಇದ್ದುದರಿಂದ, ಇದು ಎರಡು ಸರಕಾರಗಳ ನಡುವಣ ಒಪ್ಪಂದವಾಗಬೇಕಾಯಿತು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಮಾತುಕತೆ ನಡೆದು, 1886ರ ಅಕ್ಟೋಬರ್ 29ರಂದು ಕರಾರು ಬರೆಯಲ್ಪಟ್ಟಿತು. ಅದರಂತೆ ನೀರು ನಿಲ್ಲುವ ಸುಮಾರು 8,000 ಎಕರೆ ಭೂಮಿಯನ್ನು ಎಕರೆಗೆ ವರ್ಷಕ್ಕೆ 5 ರೂಪಾಯಿಯ ಗೇಣಿಯ ಮೇಲೆ ತಿರುವಾಂಕೂರು ಮದರಾಸಿಗೆ ಕೊಟ್ಟಿತು. ಅವಧಿ ಎಷ್ಟೆಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಅದು 999 ವರ್ಷ! ಎಂದರೆ ಇಪ್ಪತ್ತೊಂಬತ್ತನೆಯ ಶತಮಾನದ ಕೊನೆಯ ತನಕ.

ಇಷ್ಟು ದೀರ್ಘವಾದ ಕಾಗದವಿದ್ದರೂ ಐವತ್ತು ವರ್ಷ ತುಂಬುವುದರೊಳಗೆ ಅದರ ಅರ್ಥದ ಬಗೆಗೆ ಜಗಳ ಹುಟ್ಟಿತು. ಬೆಟ್ಟದಿಂದ ಧುಮುಕುವ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಲು ಮದರಾಸು ಬಯಸಿತು. ನೀರನ್ನು ಕೊಟ್ಟಿದ್ದು ಬೇಸಾಯಕ್ಕೆ, ವಿದ್ಯುತ್ತಿಗಲ್ಲ ಎಂದು ತಿರುವಾಂಕೂರು ವಾದಿಸಿತು. ವಿಷಯವು ಪಂಚಾಯಿತಿಗೆ ಹೋಯಿತು. ಇಬ್ಬರು ಪಂಚಾಯಿತರಲ್ಲಿ ಒಮ್ಮತ ಬಾರದಿರಲು ಮೂರನೆಯ ಮಧ್ಯಸ್ಥರು 1941ರಲ್ಲಿ ತಿರುವಾಂಕೂರಿನ ಪರವಾಗಿ ತೀರ್ಪನ್ನಿತ್ತರು. ತೀರ್ಪಿನಿಂದ ವಾದವು ಮುಗಿಯಿತು. ಆದರೆ ಯಾರ ಮನೆಯಲ್ಲಿಯೂ ದೀಪ ಹತ್ತಲಿಲ್ಲ. ಸ್ವಾತಂತ್ರ್ಯಾನಂತರ ಎರಡು ರಾಜ್ಯಗಳೂ ಮತ್ತೆ ಕುಳಿತು ಮಾತನಾಡಿದವು. 1970ರ ಮೇ 29ರ ಒಪ್ಪಂದದಲ್ಲಿ ಗೇಣಿಯು ಎಕರೆಗೆ 30 ರೂಪಾಯಿಗೆ ಏರಿತು. ವಿದ್ಯುತ್ತಿನ ಉತ್ಪಾದನೆಗೆ ತಮಿಳುನಾಡು ಪ್ರತ್ಯೇಕವಾಗಿ ಹಣ ಕೊಡುವುದೆಂದಾಯಿತು. ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಕೇರಳಕ್ಕೆ ಮರಳಿತು. ತೀರ್ಪಿನಲ್ಲಿ ಒಬ್ಬರು ಗೆದ್ದರು. ಮಾತುಕತೆಯಲ್ಲಿ ಇಬ್ಬರಿಗೂ ಏನಾದರೊಂದು ದೊರಕಿತು. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಎರಡು ಭಯಗಳು

1979ರ ಆಗಸ್ಟಿನಲ್ಲಿ ಗುಜರಾತಿನ ಮೋರ್ವಿಯಲ್ಲಿ ಒಂದು ಅಣೆಕಟ್ಟು ಒಡೆದು ಅಸಂಖ್ಯ ಜನ ಮಡಿದರು. ಆಗ ಕೇರಳದ ಜನರಿಗೆ ತಮ್ಮ ನೆತ್ತಿಯ ಮೇಲಿರುವ ಹಳೆಯ ಸುರ್ಕಿ ಕಟ್ಟೆಯ ಚಿಂತೆ ಹತ್ತಿತು. ಅಣೆಕಟ್ಟಿನ ಕೆಳಗೆ ವಂಡಿಪೆರಿಯಾರ್, ಉಪ್ಪುತರ ಮೊದಲಾದ ಊರುಗಳಿವೆ. ಅವುಗಳ ಕೆಳಗೆ ಇಡುಕ್ಕಿಯ ಮಹಾ ಜಲಾಶಯವಿದೆ. ಮಳೆಗಾಲದ ರಾತ್ರಿಗಳಲ್ಲಿ ಅಲ್ಲಿಯ ತಾಯಂದಿರು ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಹೊಳೆಯ ಸದ್ದನ್ನು ಆಲಿಸುವರೆಂದರೆ ಅದನ್ನು ಹುಸಿ ಎನ್ನಲಾಗದು. ಆ ವರ್ಷದ ನವೆಂಬರಿನಲ್ಲಿ ಕೇಂದ್ರ ಜಲ ಆಯೋಗದ ಮುಂದೆ ಉಭಯ ರಾಜ್ಯಗಳೂ ಸೇರಿ, ಕಟ್ಟೆಯನ್ನು ಬಲಪಡಿಸುವವರೆಗೆ ನೀರಿನ ಮಟ್ಟವನ್ನು 136 ಅಡಿಗೆ ಇಳಿಸುವುದೆಂದು ತೀರ್ಮಾನವಾಯಿತು. ತಮಿಳುನಾಡು ಕಟ್ಟೆಯ ತಲೆಯ ಮೇಲೆ ಕಾಂಕ್ರೀಟನ್ನು ಹಾಕಿತು, ಉಕ್ಕಿನ ಹಗ್ಗಗಳಿಂದ ಅದನ್ನು ಬಂಡೆಗೆ ಬಿಗಿಯಿತು, ಹಿಂಬದಿಗೆ ಕಾಂಕ್ರೀಟಿನ ಒತ್ತನ್ನು ಕೊಟ್ಟಿತು.

ಈಚೆಯ ಮಗ್ಗುಲಿನಲ್ಲಿ ಬೇರೊಂದು ಭಯ. ಮಟ್ಟವು ಒಂದು ಅಡಿ ಇಳಿದರೂ ಕಣಿವೆಯ ರೈತನಿಗೆ ಅದು ನೀರಿನ ನಷ್ಟ. ಮುಂಗಾರಿನ ಬೆಳೆಗೆ ಜೂನ್ ಒಂದರಂದು ನೀರು ಬಿಡುವ ವಾಡಿಕೆಯನ್ನು ಎದುರುನೋಡುತ್ತ ಕುಳಿತವನಿಗೆ ಅಣೆಕಟ್ಟಿನ ಅಂಕಿಯೇ ಪಂಚಾಂಗ. ಹೀಗೆ ಆಚೆಯವರಿಗೆ ನೀರು ಹೆಚ್ಚಾದೀತೆಂಬ ಭಯ; ಈಚೆಯವರಿಗೆ ನೀರು ಕಡಮೆಯಾದೀತೆಂಬ ಭಯ. ಎರಡೂ ನಿಜವಾದ ಭಯಗಳೇ.

2006ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಟ್ಟವನ್ನು 142 ಅಡಿಗೆ ಏರಿಸಲು ಅನುಮತಿಯಿತ್ತಿತು. ಮುಂದಿನ ತಿಂಗಳೇ ಕೇರಳದ ಶಾಸನಸಭೆಯು ಅದನ್ನು 136 ಅಡಿಗೆ ನಿಲ್ಲಿಸುವ ಕಾಯಿದೆಯನ್ನು ಮಾಡಿತು. 2011ರ ಕೊನೆಯಲ್ಲಿ ಇಡುಕ್ಕಿಯಲ್ಲಿ ಲಘುವಾದ ಭೂಕಂಪಗಳಾದಾಗ ಭಯವು ಕೋಪವಾಗಿ ತಿರುಗಿತು. ಕುಮಳಿಯ ಗಡಿಯಲ್ಲಿ ಸಂಚಾರ ನಿಂತಿತು. ತೇನಿಯ ತರಕಾರಿ ಕೇರಳದ ಸಂತೆಗೆ ಹೋಗಲಿಲ್ಲ. ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದ ಕಣಿವೆಯ ಹೆಂಗಸರು ಮನೆಯಲ್ಲಿ ಕುಳಿತರು. ತೋಟದ ಒಡೆಯರಿಗೆ ಆಳುಗಳಿಲ್ಲವಾಯಿತು. ನೀರಿನ ಮಟ್ಟವನ್ನು ಒಂದು ಅಂಗುಲವೂ ಏರಿಸಲಾರದ, ಇಳಿಸಲಾರದ ಬಡವರೇ ಎರಡು ಕಡೆಯೂ ನಷ್ಟವನ್ನನುಭವಿಸಿದರು.

ನ್ಯಾಯಮೂರ್ತಿ ಎ. ಎಸ್. ಆನಂದರ ನೇತೃತ್ವದ ಸಮಿತಿಯು ತಜ್ಞರಿಂದ ಪರೀಕ್ಷೆಗಳನ್ನು ನಡೆಸಿ, ಕಟ್ಟೆಯು ಸುರಕ್ಷಿತವೆಂದು 2012ರಲ್ಲಿ ವರದಿ ಮಾಡಿತು. 2014ರ ಮೇ 7ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠವು ಕೇರಳದ ಕಾಯಿದೆಯನ್ನು ರದ್ದುಪಡಿಸಿ 142 ಅಡಿಯ ಮಟ್ಟವನ್ನು ಎತ್ತಿಹಿಡಿಯಿತು. ಅಷ್ಟೇ ಮಾಡಿ ಸುಮ್ಮನಾಗಲಿಲ್ಲ. ಕೇಂದ್ರದ ಒಬ್ಬರು, ಎರಡು ರಾಜ್ಯಗಳಿಂದ ಒಬ್ಬೊಬ್ಬರು ಹೀಗೆ ಮೂವರ ಮೇಲ್ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. 2022ರಲ್ಲಿ ನ್ಯಾಯಾಲಯವು ಉಭಯ ರಾಜ್ಯಗಳ ಒಬ್ಬೊಬ್ಬ ತಾಂತ್ರಿಕ ತಜ್ಞರನ್ನೂ ಆ ಸಮಿತಿಗೆ ಸೇರಿಸಿ, ಅದರ ಅಧಿಕಾರವನ್ನು ಹೆಚ್ಚಿಸಿತು. ಹೊಸ ಅಣೆಕಟ್ಟು ಬೇಕೆಂಬುದು ಕೇರಳದ ವಾದ. ಈಗಿರುವುದನ್ನೇ ಇನ್ನಷ್ಟು ಬಲಪಡಿಸಿ 152 ಅಡಿಗೆ ಏರಿಸಬೇಕೆಂಬುದು ತಮಿಳುನಾಡಿನ ವಾದ. ತೀರ್ಪಿನಿಂದ ಈ ವಾದಗಳು ಅಳಿಯಲಿಲ್ಲ. ಆದರೆ ಎರಡು ಪಕ್ಷದವರೂ ಒಂದೇ ಕಟ್ಟೆಯ ಮೇಲೆ ಒಟ್ಟಿಗೆ ನಡೆದು, ಒಂದೇ ಅಳತೆಯ ಪಟ್ಟಿಯನ್ನು ಒಟ್ಟಿಗೆ ಓದುವ ಒಂದು ವ್ಯವಸ್ಥೆ ಹುಟ್ಟಿತು. ನಮ್ಮ ದೃಷ್ಟಿಯಲ್ಲಿ ಆ ತೀರ್ಪಿನ ಮುಖ್ಯವಾದ ಫಲ ಇದೇ.

ಮೇಲಿನವರೂ ನಾವೇ, ಕೆಳಗಿನವರೂ ನಾವೇ

ಕನ್ನಡ ಮಕ್ಕಳಾದ ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಓಡೈಪಟ್ಟಿಯ ಕನ್ನಡದ ಮನೆಯ ಮಗುವು ಹೊಳೆಯ ಕೆಳಗಿನ ತುದಿಯಲ್ಲಿದೆ. ಅದಕ್ಕೆ ನೀರು ಬರಬೇಕಾದುದು ಪರನಾಡಿನ ಬೆಟ್ಟದಿಂದ. ಆದರೆ ಕೊಡಗಿನ, ಮೈಸೂರಿನ, ಮಂಡ್ಯದ ಕನ್ನಡದ ಮಗುವು ಕಾವೇರಿಯ ಮೇಲಿನ ತುದಿಯಲ್ಲಿದೆ. ಅಲ್ಲಿಂದ ನೀರು ಕೆಳಗಿನ ತಮಿಳುನಾಡಿಗೆ ಹೋಗಬೇಕು. ಒಂದೇ ಮಾತನ್ನಾಡುವ ಎರಡು ಮನೆಗಳು; ಒಂದು ಕೊಡುವ ಕಡೆ, ಇನ್ನೊಂದು ಬೇಡುವ ಕಡೆ.

ಕಾವೇರಿಯ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಿರಿ. 1892ರಲ್ಲಿ ಮೈಸೂರಿಗೂ ಮದರಾಸಿಗೂ ಒಂದು ಒಪ್ಪಂದವಾಯಿತು. 1924ರ ಫೆಬ್ರವರಿ 18ರಂದು ಇನ್ನೊಂದಾಯಿತು. ಕೃಷ್ಣರಾಜಸಾಗರವೂ ಮೆಟ್ಟೂರಿನ ಅಣೆಕಟ್ಟೂ ಈ ಎರಡನೆಯ ಒಪ್ಪಂದದೊಡನೆ ಬೆಸೆದುಕೊಂಡಿವೆ. ಮದರಾಸಿನ ಹಿಂದೆ ಬ್ರಿಟಿಷರ ಬಲವಿದ್ದಿತು, ಮೈಸೂರು ಆಶ್ರಿತ ಸಂಸ್ಥಾನವಾಗಿದ್ದಿತು, ಆದುದರಿಂದ ಆ ಕರಾರುಗಳು ಸಮಾನರ ನಡುವೆ ಆದುವಲ್ಲ ಎಂದು ಕನ್ನಡಿಗರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. 1886ರ ಕರಾರಿನ ಬಗೆಗೆ ಕೇರಳದವರು ಹೇಳುವ ಮಾತೂ ಇದೇ ಅಲ್ಲವೆ? ನಮ್ಮ ನೋವನ್ನು ಅರಿತವರು ಆ ನೋವನ್ನೂ ಅರಿಯಬೇಕು. ಹಾಗೆಯೇ ಓಡೈಪಟ್ಟಿಯ ರೈತನು ಮುಲ್ಲಪೆರಿಯಾರಿನ ಕಡೆಗೆ ನೋಡುವ ಕಣ್ಣಿನಿಂದಲೇ ತಂಜಾವೂರಿನ ರೈತನು ಮೆಟ್ಟೂರಿನ ಕಡೆಗೆ ನೋಡುತ್ತಾನೆ ಎಂಬುದನ್ನು ಮಂಡ್ಯದವರು ಅರಿಯಬೇಕು.

1990ರ ಜೂನಿನಲ್ಲಿ ಕಾವೇರಿ ನ್ಯಾಯಮಂಡಳಿಯು ರಚಿತವಾಯಿತು. 1991ರಲ್ಲಿ ಅದರ ಮಧ್ಯಂತರ ಆದೇಶದ ಬಳಿಕ ಗಲಭೆಗಳಾಗಿ ನಿರಪರಾಧಿಗಳು ಪ್ರಾಣ ಕಳೆದುಕೊಂಡರು. 2016ರಲ್ಲಿ ಬೆಂಗಳೂರಿನಲ್ಲಿ ವಾಹನಗಳು ಸುಟ್ಟುವು. 2007ರ ಅಂತಿಮ ತೀರ್ಪಿನಲ್ಲಿ ನದಿಯ ಒಟ್ಟು ನೀರನ್ನು 740 ಟಿ.ಎಂ.ಸಿ. ಎಂದು ಲೆಕ್ಕಹಾಕಲಾಯಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಪಾಲುಗಳನ್ನು ತಿದ್ದಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7 ಟಿ.ಎಂ.ಸಿ. ಎಂದು ವಿಧಿಸಿತು. ಉಳಿದುದು ಪರಿಸರಕ್ಕೂ ಸಮುದ್ರಕ್ಕೆ ಹೋಗುವ ನೀರಿಗೂ ಮೀಸಲು. ಗಡಿಯ ಬಿಳಿಗುಂಡ್ಲು ಎಂಬಲ್ಲಿ ನೀರನ್ನು ಅಳೆಯುತ್ತಾರೆ. ಕರ್ನಾಟಕವು ಅಲ್ಲಿ ವರ್ಷಕ್ಕೆ 177.25 ಟಿ.ಎಂ.ಸಿ. ಬಿಡಬೇಕು. ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವೂ ಸ್ಥಾಪಿತವಾಯಿತು. ಮಳೆ ಚೆನ್ನಾಗಿ ಬಂದ ವರ್ಷ ಈ ನದಿಯ ಮೇಲೆ ಜಗಳವಿಲ್ಲ. ಮಳೆ ಬಾರದ ವರ್ಷದಲ್ಲಿಯೇ ಜಗಳ. ಆದುದರಿಂದ ಸಮೃದ್ಧಿಯನ್ನು ಹಂಚುವ ಲೆಕ್ಕಕ್ಕಿಂತ ಕೊರತೆಯನ್ನು ಹಂಚುವ ಲೆಕ್ಕವೇ ಒಪ್ಪಂದದ ಪ್ರಾಣವೆಂದು ತಿಳಿಯಬೇಕು.

ಹೊರನಾಡುಗಳ ನದಿಗಳು

ಈ ಕಣ್ಣಿನಿಂದ ಈಗ ದೂರದೇಶಗಳ ಕಡೆ ನೋಡೋಣ.

ಸಿಂಧೂ ನದಿಯ ಒಪ್ಪಂದಕ್ಕೆ 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನಮ್ಮ ಪ್ರಧಾನಿ ಜವಾಹರಲಾಲ್ ನೆಹರು ಅವರೂ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರೂ ಸಹಿ ಹಾಕಿದರು. ವಿಶ್ವಬ್ಯಾಂಕು ನಡುವೆ ನಿಂತು ಮಾತುಕತೆಯನ್ನು ನಡೆಸಿದ್ದಿತು. ರಾವಿ, ಬಿಯಾಸ್, ಸಟ್ಲೆಜ್ ಎಂಬ ಪೂರ್ವದ ಮೂರು ನದಿಗಳ ನೀರು ಭಾರತಕ್ಕೆ. ಸಿಂಧೂ, ಝೇಲಂ, ಚಿನಾಬ್ ಎಂಬ ಪಶ್ಚಿಮದ ಮೂರು ನದಿಗಳ ನೀರು, ಕೆಲವು ಮಿತವಾದ ಉಪಯೋಗಗಳನ್ನು ಬಿಟ್ಟು, ಪಾಕಿಸ್ತಾನಕ್ಕೆ. ಎರಡು ದೇಶಗಳ ಆಯುಕ್ತರು ಸೇರಿದ ಒಂದು ಶಾಶ್ವತ ಆಯೋಗವೂ ಏರ್ಪಟ್ಟಿತು. 1965, 1971, 1999ರ ಯುದ್ಧಗಳು ನಡೆದರೂ ಈ ಒಪ್ಪಂದ ಮುರಿಯಲಿಲ್ಲ. ಆದರೆ 2025ರ ಏಪ್ರಿಲಿನಲ್ಲಿ ಪಹಲ್ಗಾಮಿನಲ್ಲಿ ಭಯೋತ್ಪಾದಕರು ಪ್ರವಾಸಿಗಳನ್ನು ಕೊಂದ ಬಳಿಕ ಭಾರತವು ಅದನ್ನು ತಡೆಹಿಡಿದಿರುವುದಾಗಿ ಸಾರಿತು. ಅರವತ್ತನಾಲ್ಕು ವರ್ಷ ಬಾಳಿದ ಕಾಗದವೂ ನಂಬಿಕೆ ಕಡಿದಾಗ ನಿಲ್ಲಲಾರದೆಂಬುದಕ್ಕೆ ಇದೊಂದು ನಿದರ್ಶನ.

ಯೂರೋಪಿನ ರೈನ್ ನದಿಯದು ಬೇರೊಂದು ಪಾಠ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ರಸಾಯನಗಳ ಉಗ್ರಾಣವೊಂದಕ್ಕೆ ಬೆಂಕಿ ಬಿದ್ದಿತು. ಬೆಂಕಿಯನ್ನಾರಿಸಿದ ನೀರಿನೊಡನೆ ವಿಷವು ನದಿಗೆ ಹರಿದು, ಕೆಳಗಿನ ದೇಶಗಳವರೆಗೂ ಮೀನುಗಳು ಸತ್ತು ತೇಲಿದುವು. ದಡದ ದೇಶಗಳು ಬರಿಯ ದೂಷಣೆಯಲ್ಲಿ ಕಾಲಕಳೆಯದೆ 1987ರಲ್ಲಿ ಒಂದು ಸಮಾನ ಕಾರ್ಯಕ್ರಮವನ್ನು ಹಾಕಿಕೊಂಡವು. ಅಪಾಯದ ಸುದ್ದಿಯನ್ನು ಒಡನೆಯೇ ಕೆಳಗಿನವರಿಗೆ ತಿಳಿಸುವ ಏರ್ಪಾಡನ್ನು ಬಲಪಡಿಸಿದವು. ನದಿಯಿಂದ ಮಾಯವಾಗಿದ್ದ ಸಾಲ್ಮನ್ ಎಂಬ ಮೀನು ಮತ್ತೆ ಬರತೊಡಗಿತು.

ಪಶ್ಚಿಮ ಆಫ್ರಿಕದ ಸೆನೆಗಲ್ ನದಿಯದು ನಮ್ಮ ಮುಲ್ಲಪೆರಿಯಾರಿಗೆ ಇನ್ನೂ ಹತ್ತಿರದ ಮಾತು. ಮಾಲಿ, ಮಾರಿಟೇನಿಯ, ಸೆನೆಗಲ್ ಎಂಬ ಮೂರು ಬಡದೇಶಗಳು 1972ರಲ್ಲಿ ಒಂದು ನದೀ ಸಂಸ್ಥೆಯನ್ನು ಕಟ್ಟಿದವು. ಅವು ಕಟ್ಟಿದ ಮನಂತಾಲಿ ಅಣೆಕಟ್ಟು ನಿಂತಿರುವುದು ಮಾಲಿಯ ನೆಲದ ಮೇಲೆ. ಆದರೆ ಅದರ ಒಡೆತನ ಮೂರು ದೇಶಗಳದೂ ಹೌದು. ಅಲ್ಲಿ ಉತ್ಪಾದನೆಯಾಗುವ ವಿದ್ಯುತ್ತನ್ನು ಮಾಲಿಗೆ ನೂರಕ್ಕೆ 52, ಸೆನೆಗಲ್ಲಿಗೆ 33, ಮಾರಿಟೇನಿಯಕ್ಕೆ 15 ಎಂದು ಹಂಚುವ ಕ್ರಮವಿಟ್ಟರು. ನೆಲ ಯಾರದಾದರೂ ಕಟ್ಟೆ ಎಲ್ಲರದು ಎಂಬ ಈ ಭಾವನೆಯಿಂದ ಅದರ ಸುರಕ್ಷತೆಯ ಹೊಣೆಯೂ ಲಾಭವೂ ಒಟ್ಟಿಗೆ ನಡೆಯುತ್ತವೆ. 1989ರಲ್ಲಿ ಸೆನೆಗಲ್ ಮಾರಿಟೇನಿಯಗಳ ನಡುವೆ ಘರ್ಷಣೆ ಹುಟ್ಟಿ ರಾಯಭಾರವೇ ಕಡಿದುಹೋದಾಗಲೂ ಆ ಸಂಸ್ಥೆ ಉಳಿಯಿತು.

ಇಂತಹ ಅನುಭವಗಳಿಂದ ವಿಶ್ವಸಂಸ್ಥೆಯು 1997ರ ಮೇ 21ರಂದು ಅಂತರರಾಷ್ಟ್ರೀಯ ಜಲಮಾರ್ಗಗಳ ಕುರಿತಾದ ಒಡಂಬಡಿಕೆಯನ್ನು ಅಂಗೀಕರಿಸಿತು. ಅದು 2014ರ ಆಗಸ್ಟ್ 17ರಂದು ಜಾರಿಗೆ ಬಂದಿತು. ಭಾರತವು ಅದರಲ್ಲಿ ಸೇರಿಲ್ಲ. ಆದರೂ ಅದರ ಮುಖ್ಯ ಸೂತ್ರಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಮೊದಲನೆಯದು, ನ್ಯಾಯವೂ ಯುಕ್ತವೂ ಆದ ಬಳಕೆ. ಎರಡನೆಯದು, ನೆರೆಯವನಿಗೆ ಗಣನೀಯವಾದ ಕೇಡನ್ನು ಮಾಡದಿರುವುದು. ಮೂರನೆಯದು, ನದಿಯ ಮೇಲೆ ಏನನ್ನಾದರೂ ಕಟ್ಟುವ ಮೊದಲು ನೆರೆಯವನಿಗೆ ತಿಳಿಸುವುದು ಮತ್ತು ಅಂಕಿಅಂಶಗಳನ್ನು ಹಂಚಿಕೊಳ್ಳುವುದು. ನಮ್ಮ ನೀರಗಂಟಿಯು ಯಾವ ಪುಸ್ತಕವನ್ನೂ ಓದದೆ ನಡೆಸುತ್ತಿದ್ದ ಧರ್ಮಕ್ಕೂ ಈ ಸೂತ್ರಗಳಿಗೂ ಹೆಚ್ಚಿನ ದೂರವಿಲ್ಲ.

ನಾವು ಕಲಿಯಬೇಕಾದುದು

ಮೇಲಣ ಉದಾಹರಣೆಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹೊಳೆಯ ಒಪ್ಪಂದವನ್ನು ಉಳಿಸುವುದು ಕಾಗದದ ಮೇಲಿನ ಮುದ್ರೆಯಲ್ಲ, ಅದರ ಮೇಲೆ ಬರೆದ ವರ್ಷಗಳ ಸಂಖ್ಯೆಯೂ ಅಲ್ಲ. 999 ವರ್ಷಗಳ ಕಾಗದಕ್ಕೂ ಐವತ್ತು ವರ್ಷಗಳೊಳಗೆ ತಕರಾರು ಬಂದಿತು. ಉಭಯ ದಡದವರೂ ಒಂದೇ ಅಳತೆಗೋಲನ್ನು ಒಟ್ಟಿಗೆ ಓದುವ ಅಭ್ಯಾಸ, ಕೊರತೆಯ ವರ್ಷದ ಲೆಕ್ಕವನ್ನು ಸಮೃದ್ಧಿಯ ವರ್ಷದಲ್ಲಿಯೇ ಮಾಡಿಟ್ಟುಕೊಳ್ಳುವ ವಿವೇಕ, ಕಾಲ ಬದಲಾದಾಗ ಮತ್ತೆ ಕುಳಿತು ಮಾತನಾಡುವ ತಾಳ್ಮೆ ಇವೇ ಅದನ್ನು ಉಳಿಸುತ್ತವೆ.

ತಾಯ್ತಂದೆಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮಳೆ ಕೈಕೊಟ್ಟ ವರ್ಷ ಮನೆಯ ಜಗುಲಿಯ ಮೇಲೆ ನೀರಿನ ಮಾತು ಬರುತ್ತದೆ. ಮಕ್ಕಳು ಕೇಳುತ್ತಿರುತ್ತಾರೆ. ಆಗ ಆಚೆಯ ರಾಜ್ಯದವರನ್ನು ಶತ್ರುಗಳೆಂದು ಹೆಸರಿಸುವುದಕ್ಕೆ ಮೊದಲು, ಓಡೈಪಟ್ಟಿಯ ದ್ರಾಕ್ಷಿ ಚಪ್ಪರದ ಕೆಳಗೆ ನಿಂತ ಕನ್ನಡದ ಮಗುವನ್ನು ಒಮ್ಮೆ ನೆನೆಯಿರಿ. ಬೆಟ್ಟದಾಚೆಯ ಉಪ್ಪುತರದಲ್ಲಿ ಮಳೆಯ ಸದ್ದಿಗೆ ಎಚ್ಚೆತ್ತ ಮಲಯಾಳಿ ಮಗುವನ್ನೂ ನೆನೆಯಿರಿ. ಓಡೈಪಟ್ಟಿಯಲ್ಲಿ ನಿಂತು ನಾವು ಬೇಡುವ ನ್ಯಾಯವನ್ನು ಮಂಡ್ಯದಲ್ಲಿ ನಿಂತು ಕೊಡಲು ಸಿದ್ಧರಿರಬೇಕು. ಮಂಡ್ಯದಲ್ಲಿ ನಾವು ಹೇಳಿಕೊಳ್ಳುವ ಕಷ್ಟವನ್ನು ಇಡುಕ್ಕಿಯವರು ಹೇಳಿದಾಗ ಕೇಳಲು ಸಿದ್ಧರಿರಬೇಕು. ಎರಡು ಕಡೆಗೆ ಎರಡು ಅಳತೆಗೋಲು ಹಿಡಿದವನನ್ನು ಯಾವ ಊರೂ ನೀರಗಂಟಿಯಾಗಿ ಇಟ್ಟುಕೊಂಡುದಿಲ್ಲ.

ನಾಳೆ ಎಂಜಿನಿಯರುಗಳೂ ನ್ಯಾಯವಾದಿಗಳೂ ಮಂತ್ರಿಗಳೂ ರೈತರೂ ಆಗುವವರು ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವ ಈ ಮಕ್ಕಳೇ. ಅವರ ಕೈಯಲ್ಲಿ ಒಂದೇ ಅಳತೆಗೋಲಿರಲಿ ಎಂದು ಹಾರೈಸುತ್ತೇವೆ.

ವಿದ್ಯಾರ್ಥಿಗಳಿಗೆ ಅಭ್ಯಾಸ

1. 8,000 ಎಕರೆಗೆ ಎಕರೆಗೆ 5 ರೂಪಾಯಿಯಂತೆ ವರ್ಷದ ಗೇಣಿ ಎಷ್ಟು? 30 ರೂಪಾಯಿಯಂತೆ ಎಷ್ಟು? ಗೇಣಿ ಎಷ್ಟು ಪಟ್ಟು ಹೆಚ್ಚಿತು?

2. ಕಾವೇರಿಯ 740 ಟಿ.ಎಂ.ಸಿ.ಯಲ್ಲಿ ನಾಲ್ಕು ಪಾಲುದಾರರ ಪಾಲನ್ನು ಕಳೆದರೆ ಪರಿಸರಕ್ಕೂ ಸಮುದ್ರಕ್ಕೂ ಉಳಿಯುವುದೆಷ್ಟು?

3. ದಕ್ಷಿಣ ಭಾರತದ ಭೂಪಟವನ್ನು ಬರೆದು ಪೆರಿಯಾರ್, ವೈಗೈ, ಕಾವೇರಿ ನದಿಗಳನ್ನೂ ತೇನಿ, ಇಡುಕ್ಕಿ, ಮಂಡ್ಯ, ತಂಜಾವೂರುಗಳನ್ನೂ ಗುರುತಿಸಿರಿ. ಪ್ರತಿಯೊಂದು ಊರು ತನ್ನ ನದಿಯ ಮೇಲಿನ ತುದಿಯಲ್ಲಿದೆಯೋ ಕೆಳಗಿನ ತುದಿಯಲ್ಲಿದೆಯೋ ಬರೆಯಿರಿ.

4. ನೇರವಾದ ಗೋಡೆಯೂ ಸಮತಟ್ಟಾದ ತಳವೂ ಇರುವ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ಮಳೆ ಬಂದ ಮರುದಿನ ಬೆಳಿಗ್ಗೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆಯಿರಿ. ಇಬ್ಬರು ಬೇರೆಬೇರೆಯಾಗಿ ಅಳೆದು ಬರೆದು, ಆಮೇಲೆ ಹೋಲಿಸಿ ನೋಡಿರಿ. ಅಂಕಿಗಳು ಹೊಂದದಿದ್ದರೆ ಜಗಳವಾಡದೆ, ಇಬ್ಬರೂ ಕೂಡಿ ಮತ್ತೊಮ್ಮೆ ಅಳೆಯಿರಿ.